ರೂಮಿಗೆ ಅಡ್ವಾನ್ಸ್ ಹಾಕುವ ಮುಂಚೆ ಏನೇನು ಕೇಳಬೇಕು?

ದಸರಾ ರಜೆ ಹತ್ತಿರ ಬಂತೆಂದರೆ ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆ ರೂಮ್ ಸಿಗುವುದೇ ಕಷ್ಟ. ಫೋನ್ ಮಾಡಿದರೆ "ಬೇಗ ಅಡ್ವಾನ್ಸ್ ಹಾಕಿಬಿಡಿ ಸರ್, ಬೇರೆಯವರೂ ಕೇಳ್ತಿದ್ದಾರೆ" ಅನ್ನುತ್ತಾರೆ. ನಾವೂ ಆತುರದಲ್ಲಿ ಹಾಕಿಬಿಡುತ್ತೇವೆ. ಆದರೆ ಅಜ್ಜಿ, ತಾತ, ಮಕ್ಕಳು ಎಲ್ಲ ಸೇರಿ ಹೊರಟಾಗ ಒಬ್ಬರಿಗೆ ಜ್ವರ ಬಂದರೂ ಪ್ರವಾಸ ನಿಂತುಹೋಗುತ್ತದೆ. ಆಗ ಆ ದುಡ್ಡಿನ ಗತಿ ಏನು? ಇದು ದುಡ್ಡು ಹಾಕುವ ಮುಂಚೆಯೇ ಇತ್ಯರ್ಥ ಆಗಬೇಕಾದ ಮಾತು. ಹಾಕಿದ ಮೇಲೆ ನಮ್ಮ ಮಾತಿಗೆ ಅಷ್ಟು ಬೆಲೆ ಇರುವುದಿಲ್ಲ.

ಮೊದಲು ಒಟ್ಟು ಮೊತ್ತ ಕೇಳಿ

ಹೋಟೆಲ್‌ನಲ್ಲಿ ರೂಮಿಗೆ ಇಷ್ಟು ಅಂತ ಲೆಕ್ಕ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು. ಅದರಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದೆಯಾ? ಎಷ್ಟು ವರ್ಷದ ಮಗುವಿಗೆ ಅರ್ಧ, ಎಷ್ಟರಿಂದ ಪೂರ್ತಿ? ಎಕ್ಸ್‌ಟ್ರಾ ಬೆಡ್‌ಗೆ ಎಷ್ಟು? ಇಷ್ಟನ್ನೂ ಕೇಳಿ.

ಜಿಎಸ್‌ಟಿ ಸೇರಿಸಿ ಹೇಳಿದ್ದಾರಾ ಅನ್ನುವುದನ್ನು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕಿಂತ ಜಾಸ್ತಿ ಆದರೆ ಶೇ 18. ಅಂದರೆ 7,500ರ ರೂಮಿಗೆ ತೆರಿಗೆ 375 ರೂಪಾಯಿ, 8,000ದ ರೂಮಿಗೆ 1,440. ಬಾಡಿಗೆಯಲ್ಲಿ 500 ರೂಪಾಯಿ ವ್ಯತ್ಯಾಸ, ಕೈಯಿಂದ ಹೋಗುವುದು ಸಾವಿರದೈನೂರಕ್ಕೂ ಜಾಸ್ತಿ! ಜಿಎಸ್‌ಟಿ ನೋಂದಣಿ ಇಲ್ಲದ ಹೋಮ್‌ಸ್ಟೇಯವರು ಆ ಹೆಸರಿನಲ್ಲಿ ದುಡ್ಡು ಕೇಳುವಂತಿಲ್ಲ. ಕೇಳಿದರೆ ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇರಬೇಕು.

ಅಡ್ವಾನ್ಸ್ ಬೇರೆ, ಡಿಪಾಸಿಟ್ ಬೇರೆ

ಅಡ್ವಾನ್ಸ್ ಕೊನೆಯ ಬಿಲ್‌ನಲ್ಲಿ ಕಳೆಯುವ ದುಡ್ಡು. ಡಿಪಾಸಿಟ್ ಅಂದರೆ ಟಿವಿ, ಗ್ಲಾಸು ಏನಾದರೂ ಒಡೆದರೆ ಅಂತ ಇಟ್ಟುಕೊಳ್ಳುವುದು. ಏನೂ ಹಾಳಾಗದಿದ್ದರೆ ಪೂರ್ತಿ ವಾಪಸ್ ಬರಬೇಕು. ಇಡೀ ಬಂಗಲೆ ಕೊಡುವ ಕಡೆ ಎರಡನ್ನೂ ಕೇಳುವುದುಂಟು. ಹಾಗಾಗಿ ಯಾವ ದುಡ್ಡು ಯಾವುದಕ್ಕೆ ಅಂತ ಬಿಡಿಸಿ ಹೇಳಿಸಿಕೊಳ್ಳಿ.

ಮಾತನ್ನು ವಾಟ್ಸ್‌ಆ್ಯಪ್‌ಗೆ ತನ್ನಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಫೋನಿನಲ್ಲಿ ಎಲ್ಲ ಮಾತಾಡಿದ ಮೇಲೆ, ದುಡ್ಡು ಹಾಕುವ ಮುಂಚೆ, ಇಂಥದ್ದೊಂದು ಮೆಸೇಜ್ ಕಳಿಸಿ:

"ನಮಸ್ಕಾರ. ಅಕ್ಟೋಬರ್ 10 ಮತ್ತು 11, ಎರಡು ರಾತ್ರಿ, 6 ದೊಡ್ಡವರು, 2 ಮಕ್ಕಳು. ಊಟ, ತಿಂಡಿ, ತೆರಿಗೆ ಎಲ್ಲ ಸೇರಿ ಒಟ್ಟು 24,000. ಈಗ ಅಡ್ವಾನ್ಸ್ 6,000. 15 ದಿನ ಮುಂಚೆ ಕ್ಯಾನ್ಸಲ್ ಮಾಡಿದರೆ ಪೂರ್ತಿ ವಾಪಸ್, 7 ದಿನ ಮುಂಚೆ ಆದರೆ ಅರ್ಧ. ಆಮೇಲೆ ವಾಪಸ್ ಇಲ್ಲ, ಆದರೆ 6 ತಿಂಗಳ ಒಳಗೆ ಬೇರೆ ತಾರೀಖಿಗೆ ಬದಲಾಯಿಸಬಹುದು. ಸರಿ ಅಂತ ತಿಳಿಸಿದರೆ ದುಡ್ಡು ಹಾಕುತ್ತೇನೆ."

ದಿನ, ಮೊತ್ತ ನಿಮ್ಮಲ್ಲಿ ಆದ ಮಾತಿನಂತೆ ಹಾಕಿಕೊಳ್ಳಿ. ಅವರಿಂದ "ಸರಿ" ಅಂತ ಬಂದರೆ ಅದೇ ನಿಮ್ಮ ದಾಖಲೆ. ತಾರೀಖು ಬದಲಾಯಿಸುವ ಮಾತನ್ನಂತೂ ಬಿಡಲೇಬೇಡಿ. ದುಡ್ಡು ವಾಪಸ್ ಕೊಡಲು ಹಿಂದೆಮುಂದೆ ನೋಡುವವರೂ ಸಾಮಾನ್ಯವಾಗಿ ಇದಕ್ಕೆ ಒಪ್ಪುತ್ತಾರೆ. ನಾವೂ ಅವರ ಕಷ್ಟ ನೋಡಬೇಕು ಅಲ್ವಾ? ನಮಗಾಗಿ ರೂಮ್ ಇಟ್ಟು ಬೇರೆಯವರಿಗೆ ಇಲ್ಲ ಅಂದಿರುತ್ತಾರೆ, ಎಂಟು ಜನರ ಅಡುಗೆಗೆ ಸಾಮಾನು ತಂದಿರುತ್ತಾರೆ. ಹಿಂದಿನ ದಿನ ಫೋನ್ ಮಾಡಿ ಪೂರ್ತಿ ದುಡ್ಡು ಕೇಳುವುದು ನ್ಯಾಯವಲ್ಲ.

ಆ್ಯಪ್‌ನಲ್ಲಿ ಬುಕ್ ಮಾಡುವಾಗ ಒಂದೇ ರೂಮಿಗೆ ಎರಡು ದರ ಕಾಣಿಸಿದರೆ, ಕಡಿಮೆ ಇರುವುದು ಬಹುಪಾಲು ದುಡ್ಡು ವಾಪಸ್ ಬರದ ದರ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳಿ. ಕ್ಯಾನ್ಸಲ್ ಕೂಡ ಆ್ಯಪ್‌ನಲ್ಲೇ ಮಾಡಿ. ಹೋಟೆಲ್‌ಗೆ ಫೋನ್ ಮಾಡಿ ಸುಮ್ನಿದ್ದರೆ ನೀವು ಬಾರದೇ ಇದ್ದವರು ಅಂತ ಲೆಕ್ಕವಾಗುತ್ತದೆ.

ದುಡ್ಡು ಹಾಕುವ ಹೊತ್ತು

ಯುಪಿಐನಲ್ಲಿ ನಂಬರ್ ಹಾಕಿದ ಕೂಡಲೇ ಬ್ಯಾಂಕ್ ಖಾತೆಯ ಹೆಸರು ಕಾಣಿಸುತ್ತದೆ. ಅಲ್ಲಿ ಒಂದು ಗಳಿಗೆ ನಿಲ್ಲಿ. ಹೋಮ್‌ಸ್ಟೇ ಕೊಡಗಿನದು, ಖಾತೆಯ ಹೆಸರು ಯಾರದೋ ಅಂದರೆ, ಯಾರು ಅಂತ ಕೇಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯನ್ನೂ ಕೇಳಿ. ನಿಜವಾದ ಮಾಲೀಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. "ರೀಫಂಡ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದರೆ ಅದು ಮೋಸವೇ. ದುಡ್ಡು ಬರುವುದಕ್ಕೆ ಪಿನ್ ಬೇಡ. ಮೋಸ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ.

ಸರ್ಕಾರವೇ ಬರಬೇಡಿ ಅಂದರೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರಿಗೆ ನಿರ್ಬಂಧ ಹಾಕಿದ್ದರು. ಇಂಥ ಹೊತ್ತಿನಲ್ಲಿ ತಪ್ಪು ನಿಮ್ಮದೂ ಅಲ್ಲ, ಮಾಲೀಕರದೂ ಅಲ್ಲ. ಒಪ್ಪಂದ ನಡೆಸುವುದೇ ಅಸಾಧ್ಯವಾಗಿ ಅದು ರದ್ದಾದರೆ, ಪಡೆದದ್ದನ್ನು ವಾಪಸ್ ಕೊಡಬೇಕು ಅನ್ನುತ್ತದೆ 1872ರ ಒಪ್ಪಂದ ಕಾಯ್ದೆಯ 65ನೇ ಕಲಂ. ಜಿಲ್ಲಾಡಳಿತದ ಆದೇಶದ ಪ್ರತಿಯನ್ನು ಕಳಿಸಿ, ಮರ್ಯಾದೆಯಿಂದಲೇ ಕೇಳಿ.

ಡಿಪಾಸಿಟ್ ಕೊಟ್ಟಿದ್ದರೆ

ಬ್ಯಾಗ್ ಇಳಿಸುವ ಮುಂಚೆ ಒಂದು ವಿಡಿಯೊ ಮಾಡಿ. ಬಾತ್‌ರೂಮಿನ ಗೀಸರ್, ಕನ್ನಡಿಯ ಬಿರುಕು, ಹಾಸಿಗೆಯ ಕಲೆ, ಕಿಟಕಿ ಚಿಲಕ, ಎಲ್ಲವೂ ಅದರಲ್ಲಿ ಬರಲಿ. ಅದನ್ನು ಆಗಲೇ ಮಾಲೀಕರಿಗೆ ಕಳಿಸಿ. ಹೊರಡುವ ದಿನ ರೂಮ್ ತೋರಿಸಿ, ಅಲ್ಲೇ ಡಿಪಾಸಿಟ್ ಕೇಳಿ ತೆಗೆದುಕೊಳ್ಳಿ. ದೊಡ್ಡ ಹೋಟೆಲ್‌ಗಳಲ್ಲಿ ಕ್ರೆಡಿಟ್ ಕಾರ್ಡ್‌ನಲ್ಲಿ ಮೊತ್ತವನ್ನು ತಡೆಹಿಡಿಯುತ್ತಾರೆ. ಅದು ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು.

ಕೊಡದಿದ್ದರೆ

ಮೊದಲು ಆ ವಾಟ್ಸ್‌ಆ್ಯಪ್ ಮಾತನ್ನೇ ನೆನಪಿಸಿ, ದುಡ್ಡು ವಾಪಸ್ ಕೊಡಲು ಒಂದು ತಾರೀಖು ಬರೆದು ಕಳಿಸಿ. ಆಗಲೂ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರೂಮ್ ಮಡಿಕೇರಿಯಲ್ಲಿದ್ದರೂ ದಾವಣಗೆರೆಯವರು ಅಲ್ಲಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ತೊಂದರೆ ಆದ ದಿನದಿಂದ 2 ವರ್ಷದ ಒಳಗೆ ದೂರು ಸಲ್ಲಿಸಬೇಕು.