ನನ್ನ 2,600 ಷೇರುಗಳು

ಪೀಣ್ಯದಲ್ಲಿರುವ ನಮ್ಮ ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಒಟ್ಟು 10,000 ಷೇರುಗಳಿದ್ದವು. ಯಜಮಾನರು ತೀರಿಕೊಂಡ ಮೇಲೆ ಅವರ 2,600 ಷೇರುಗಳು ನನ್ನ ಹೆಸರಿಗೆ ಬಂದವು. ಮಿಕ್ಕ 7,400 ಭಾವ, ಅವರ ಮಗ, ಅತ್ತೆ ಮತ್ತು ನಾದಿನಿಯ ಬಳಿ ಇದ್ದವು. "ನೂರಕ್ಕೆ ಇಪ್ಪತ್ತಾರು ಇಟ್ಟುಕೊಂಡು ಏನು ಮಾಡುತ್ತೀಯಮ್ಮ, ನಮಗೇ ಕೊಟ್ಟುಬಿಡು" ಎಂದು ಭಾವ ಆಗಾಗ ಹೇಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಅಷ್ಟರಲ್ಲಿ ಷೇರುದಾರರ ವಿಶೇಷ ಸಭೆಯ ನೋಟಿಸ್ ಬಂತು. ಭಾವನ ಅಳಿಯನಿಗೆ 5,000 ಹೊಸ ಷೇರು ಕೊಡುವ ಪ್ರಸ್ತಾಪ ಅದರಲ್ಲಿತ್ತು. ಹಾಗಾದರೆ 15,000ದಲ್ಲಿ ನನ್ನ ಪಾಲು ನೂರಕ್ಕೆ ಹದಿನೇಳು ಚಿಲ್ಲರೆ.

ಮಲ್ಲೇಶ್ವರದಲ್ಲಿ ಕಂಪನಿ ಕಾನೂನಿನ ಸಲಹೆ ಕೊಡುವ ಕಂಪನಿ ಸೆಕ್ರೆಟರಿಯೊಬ್ಬರ ಬಳಿ ಹೋದೆ. ಅವರು ಬಿಡಿಸಿ ಹೇಳಿದರು. ನಿರ್ದೇಶಕರನ್ನು ನೇಮಿಸಲು, ತೆಗೆಯಲು ಸಾಮಾನ್ಯ ನಿರ್ಣಯ ಸಾಕು. ಪರವಾದ ಮತ ವಿರೋಧಕ್ಕಿಂತ ಒಂದು ಹೆಚ್ಚಿದ್ದರೂ ಆಯಿತು. ಅಲ್ಲಿ ನನ್ನ ಕೈ ಕಟ್ಟಿದಂತೆಯೇ. ಆದರೆ ಷೇರುದಾರನಲ್ಲದವನಿಗೆ ಹೊಸ ಷೇರು ಕೊಡಲು ವಿಶೇಷ ನಿರ್ಣಯವೇ ಬೇಕು. 2013ರ ಕಂಪನಿ ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ ಪರ ಮತಗಳು ವಿರೋಧ ಮತಗಳ ಮೂರು ಪಟ್ಟಾದರೂ ಇರಬೇಕು. ನನ್ನ 2,600ರ ಮೂರು ಪಟ್ಟು 7,800. ಅವರ ಬಳಿ ಇರುವುದೇ 7,400! ಕಾಗದದ ಮೇಲೆ ಆ ಲೆಕ್ಕ ಕಂಡಾಗ ಕಣ್ಣು ತುಂಬಿ ಬಂತು.

ಆ ಸೆಕ್ರೆಟರಿ ಇನ್ನೊಂದು ಮಾತು ಹೇಳದಿದ್ದರೆ ನಾನು ಸೋತೇಹೋಗುತ್ತಿದ್ದೆ. ಸಭೆಯಲ್ಲಿ ಮೊದಲು ಕೈ ಎತ್ತಿಸುತ್ತಾರೆ. ಆಗ ಷೇರು ಎಷ್ಟೇ ಇರಲಿ, ತಲೆಗೆ ಒಂದೇ ಮತ. ನಾಲ್ವರು ಪರ, ನಾನೊಬ್ಬಳು ವಿರುದ್ಧ, ನಿರ್ಣಯ ಪಾಸಾಗುತ್ತದೆ. ಫಲಿತಾಂಶ ಘೋಷಿಸುವ ಹೊತ್ತಿಗಾದರೂ ಪೋಲ್ ಕೇಳಬೇಕು, ಅಂದರೆ ಷೇರುಗಳ ಲೆಕ್ಕದಲ್ಲಿ ಮತದಾನ. ನೂರಕ್ಕೆ ಹತ್ತರಷ್ಟು ಮತಬಲ ಇರುವವರಿಗೆ 109ನೇ ಸೆಕ್ಷನ್ ಈ ಹಕ್ಕು ಕೊಡುತ್ತದೆ. ಖಾಸಗಿ ಕಂಪನಿಯ ನಿಯಮಾವಳಿ ಇದನ್ನು ಬದಲಿಸಿರಲೂಬಹುದು ಎಂದು ನಮ್ಮದನ್ನು ಸಾಲು ಸಾಲಾಗಿ ಓದಿದೆ. ಅಂಥದ್ದೇನೂ ಇರಲಿಲ್ಲ.

ಸಭೆಯ ದಿನ ನಾಲ್ಕು ಕೈಗಳು ಎದ್ದವು. ಅತ್ತೆ ನನ್ನ ಮುಖ ನೋಡಲಿಲ್ಲ. "ಪೋಲ್ ಬೇಕು" ಎಂದು ಬರೆದು ತಂದಿದ್ದ ಚೀಟಿಯನ್ನು ಭಾವನ ಮುಂದಿಟ್ಟೆ. "ಮನೆಯವರ ನಡುವೆ ಇದೇನಮ್ಮ?" ಎಂದರು. "ನನ್ನ ಮಕ್ಕಳೂ ಈ ಮನೆಯವರೇ ಭಾವ" ಎಂದೆ. ನಿರ್ಣಯ ಬಿದ್ದುಹೋಯಿತು.

ಮುಂದಿನ ವರ್ಷ ರೈಟ್ಸ್ ಷೇರುಗಳ ಪತ್ರ ಬಂತು. ಇರುವ ಷೇರುದಾರರಿಗೆ ಅವರವರ ಪಾಲಿನಂತೆ ಹೊಸ ಷೇರು ಕೊಡಲು ವಿಶೇಷ ನಿರ್ಣಯ ಬೇಡ. ಹಣ ಕಟ್ಟದಿದ್ದರೆ ಮಾತ್ರ ಪಾಲು ಕರಗುತ್ತದೆ. ಬಳೆ ಅಡವಿಟ್ಟು, ಗಡುವಿಗೆ ಎರಡು ದಿನ ಮೊದಲೇ ನನ್ನ 1,300 ಷೇರುಗಳ ಹಣ ಕಟ್ಟಿದೆ. ಈಗ 15,000ದಲ್ಲಿ 3,900 ನನ್ನವು. ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ.