ಬಕೆಟ್ಟಿನ ತಳ ಸೇರಿದ ಉಭಯಚರ ವಾಹನ

ಕಾಲ್ಪನಿಕ ದೇಶವೊಂದರ ಸೇನೆಗೆಂದು ನಾನು ರೂಪಿಸಿದ್ದ ಎಂಟು ಚಕ್ರಗಳ ಉಭಯಚರ ಕವಚ ವಾಹನಕ್ಕೆ, ಗಟ್ಟಿಮುಟ್ಟಾಗಿರಲಿ ಎಂಬ ಆಸೆಯಿಂದ, 22 ಟನ್ ತೂಕ ಬರೆದಿದ್ದೆ. 1:35 ಅಳತೆಯ ಮಾದರಿಯಲ್ಲಿ ತೂಕ 42,875 (35×35×35) ಪಟ್ಟು ಇಳಿಯುವುದರಿಂದ, 513 ಗ್ರಾಂ ಆಗುವವರೆಗೆ ಗಾಳದ ಸೀಸದ ಗುಂಡುಗಳನ್ನು ತುಂಬಿ ಬಕೆಟ್ಟಿನ ನೀರಿಗೆ ಬಿಟ್ಟಾಗ, ಅದು ಮೂತಿ ತಗ್ಗಿಸಿ ನೇರವಾಗಿ ತಳ ಸೇರಿತು.

ತಪ್ಪು ಸರಳವಾಗಿತ್ತು. ಒಂದು ಘನ ಮೀಟರ್ ನೀರು ಸುಮಾರು ಒಂದು ಟನ್ ತೂಗುತ್ತದೆ. ನನ್ನ ವಾಹನದ ಮುಚ್ಚಿದ ಒಡಲಿನ ಗಾತ್ರವೇ ಸುಮಾರು 20 ಘನ ಮೀಟರ್; ಅಂದರೆ ಪೂರ್ತಿ ಮುಳುಗಿದರೂ ನೀರು ಸುಮಾರು 20 ಟನ್ನನ್ನಷ್ಟೇ ಹೊರಬಲ್ಲದು. ಸೋವಿಯತ್ ಒಕ್ಕೂಟದ ಎಂಟು ಚಕ್ರಗಳ ಉಭಯಚರ ಕವಚ ವಾಹನ ಬಿಟಿಆರ್-80 ಕೇವಲ 13.6 ಟನ್ ತೂಗುವುದೇಕೆಂದು ಆಗ ಹೊಳೆಯಿತು. ಪಕ್ಕದ ಕವಚವನ್ನು ತೆಳುವಾಗಿಸಿ ತೂಕವನ್ನು 15 ಟನ್ನಿಗೆ ಇಳಿಸಿದೆ. ಮುಂದಿದ್ದ ಎಂಜಿನ್ನನ್ನು, ಬಿಟಿಆರ್‌ನಲ್ಲಿರುವಂತೆಯೇ, ಹಿಂಭಾಗಕ್ಕೆ ಸರಿಸಿದೆ. ಎದುರಿನ ಅಲೆ ಮೂತಿಯ ಮೇಲೇರದಂತೆ ತಡೆಯುವ ಮಡಚುಹಲಗೆಯೊಂದನ್ನೂ ಸೇರಿಸಿದೆ. (ಕವಚ ತೆಳುವಾದದ್ದು ನನಗಿನ್ನೂ ಬೇಸರವೇ.)

ಈಗ 350 ಗ್ರಾಂ ತೂಗುವ ಮಾದರಿಯು ಮೂತಿಯನ್ನು ತುಸು ಮೇಲೆತ್ತಿ ತೇಲುತ್ತದೆ. ಬೆರಳಿನಿಂದ ಅಲೆ ಎಬ್ಬಿಸಿದರೂ ಚಾವಣಿ ಒದ್ದೆಯಾಗುವುದಿಲ್ಲ.