ಮಂಜೇಶ್ವರವನ್ನು ಒಂದೇ ದಿನದಲ್ಲಿ ತೋರಿಸಿದ್ದು

"ಮಂಜೇಶ್ವರದಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೇ? ಬೇಕಲ ಕೋಟೆಗೆ ಕರ್ಕೊಂಡು ಹೋಗಿ" ಅಂದವರೇ ಜಾಸ್ತಿ. ಆದರೂ ನಾನು ಜನರನ್ನು ತಂಡ ಕಟ್ಟಿ ಮಂಜೇಶ್ವರವನ್ನೇ ತೋರಿಸುತ್ತೇನೆ, ಈ ಜನವರಿಗೆ ನನ್ನ ಹನ್ನೊಂದನೇ ತಂಡ ಬಂದು ಹೋಯಿತು. ಅದರಲ್ಲಿ ನಾಲ್ವರು ಎರಡನೇ ಸಲ ಬಂದವರು.

ಮೊದಲ ಸಲ ಸೋತೆ. ಟೆಂಪೋ ಟ್ರಾವೆಲರ್ ಬಾಡಿಗೆಯೇ ಐದು ಸಾವಿರದ ಹತ್ತಿರ. ಹತ್ತು ಜನ ಬರ್ತೇವೆ ಅಂದವರು ಆರೇ ಬಂದರು, ಕೈಯಿಂದ ಎರಡು ಸಾವಿರ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು, ಮಧ್ಯಾಹ್ನ ಒಂದು ಗಂಟೆಗೆ ಕಣ್ವತೀರ್ಥದ ಕಡಲ ತೀರದ ಮರಳಿಗೆ ಇಳಿಸಿದ್ದು. ಒಬ್ಬರು ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಇಟ್ಟರು, ಕಾಲು ಸುಟ್ಟು, ಚಪ್ಪಲಿ ಕೆಳಗೆ ಹಾಕಿ ಅದರ ಮೇಲೆಯೇ ನಿಂತುಬಿಟ್ಟರು. ಮುಂದೂ ಇಲ್ಲ, ಹಿಂದೂ ಇಲ್ಲ.

ಆಮೇಲೆ ಇಡೀ ದಿನವನ್ನೇ ತಿರುಗಿಸಿದೆ. ಗಾಡಿ ಬಿಟ್ಟೆ, ರೈಲು, ಬಸ್ಸು, ರಿಕ್ಷಾ ಸಾಕು. ಬೆಳಿಗ್ಗೆ ಆರೂವರೆಗೆ ಕಡಲು, ಆಗ ಮರಳು ತಣ್ಣಗಿರುತ್ತದೆ. ಆಮೇಲೆ ಬಂಗ್ರಮಂಜೇಶ್ವರದ ಜೈನ ಬಸದಿ, ಅಲ್ಲಿಂದ ಅನಂತೇಶ್ವರ ದೇವಸ್ಥಾನ. ಬಿಸಿಲೇರುವ ಹೊತ್ತಿಗೆ ಗಿಳಿವಿಂಡು, ಗೋವಿಂದ ಪೈಗಳ ಮನೆ. ಪ್ರಾಸ ಬಿಟ್ಟು ಪದ್ಯ ಬರೆದವರು, 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಕರೆದದ್ದು ಇವರನ್ನೇ. ಅಲ್ಲಿ ಅವರ ಎರಡು ಪದ್ಯ ನಾನೇ ಗಟ್ಟಿಯಾಗಿ ಓದುತ್ತೇನೆ. ಸುಮ್ನೆ ಗೋಡೆ ತೋರಿಸಿದರೆ ಐದು ನಿಮಿಷಕ್ಕೆ ಮುಗಿಯುತ್ತದೆ, ಓದಿದರೆ ಜನ ಕೂತುಕೊಳ್ಳುತ್ತಾರೆ. ಸಂಜೆ ಅಳಿವೆ, ಹೊಳೆ ಕಡಲಿಗೆ ಸೇರುವ ಜಾಗ. ಯಾವ ಬದಿಯಿಂದ ನೋಡಬೇಕು, ಬಂಗುಡೆ ಸಾರಿನ ಊಟ ಯಾವ ಮನೆಯಲ್ಲಿ, ಇವೆರಡನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ತಲೆಗೆ 450 ತಗೊಳ್ತೇನೆ, ಊಟ ಸೇರಿ. ಎಲ್ಲ ಕಳೆದು ಒಬ್ಬರಿಂದ ಎಪ್ಪತ್ತು ಎಂಬತ್ತು ಉಳಿದೀತು.

ನಡುವೆ ಆರು ಹಳೇ ಸೈಕಲ್ ತಗೊಂಡಿದ್ದೆ. ಒಂದು ಮಳೆಗಾಲಕ್ಕೆ ಉಪ್ಪು ಗಾಳಿ ಚೈನುಗಳನ್ನು ತಿಂದಿತು, ಗುಜರಿಗೆ ಹಾಕಿದೆ. ಇನ್ನೊಮ್ಮೆ ಕುಂಬಳೆ ಹತ್ತಿರದ ಅನಂತಪುರವನ್ನೂ ಸೇರಿಸಿದೆ. ಕೆರೆಯ ನಡುವಿನ ಆ ಗುಡಿ ನನಗೆ ತುಂಬಾ ಇಷ್ಟ. ಆದರೆ ಎಲ್ಲರೂ ಆ ಕೆರೆಯಲ್ಲೇ ಇದ್ದು 2022ರಲ್ಲಿ ಸತ್ತ ಬಬಿಯಾ ಮೊಸಳೆಯ ಕಥೆಯನ್ನೇ ಕೇಳುತ್ತಾ ನಿಂತರು, ಕಡುಶರ್ಕರದ, ಅಂದರೆ ಗಿಡಮೂಲಿಕೆ ಬೆರೆಸಿದ ಪಾಕದ ಮೂರ್ತಿಗಳ ಬಗ್ಗೆ ಹೇಳಲು ಹೊತ್ತೇ ಸಿಗಲಿಲ್ಲ. ವಾಪಸ್ ಅಳಿವೆಗೆ ಬರುವಾಗ ಕತ್ತಲು. ಅನಂತಪುರಕ್ಕೆ ಬೇರೆಯೇ ದಿನ ಬೇಕು.

ಈ ಸಲ ಅನಂತೇಶ್ವರ ದೇವಸ್ಥಾನದ ಚಂಪಾಷಷ್ಠಿಯ ತೇರಿಗೆ ಒಂದು ತಂಡ ಇದೆ. ಆ ಗದ್ದಲದಲ್ಲಿ ಎಂಟು ಜನಕ್ಕಿಂತ ಹೆಚ್ಚು ಕರ್ಕೊಂಡು ಹೋಗುವುದಿಲ್ಲ.